ಟಾರ್ಪಾಲು ಕಟ್ಟೋಕೆ ಮೂರು ಗಂಟು ಸಾಕು, ಆದ್ರೆ ಬಿಚ್ಚೋಕೂ ಬರ್ಬೇಕು

ಟಾರ್ಪಾಲಿನ ಹಗ್ಗ ಕಟ್ರಪ್ಪ ಅಂದ್ರೆ ತುಂಬಾ ಜನ ಮಾಡೋದೇನು, ಒಂದು ಗಂಟು, ಅದರ ಮೇಲೆ ಇನ್ನೊಂದು, ಡೌಟ್ ಬಂದ್ರೆ ಮತ್ತೊಂದು. ಗಟ್ಟಿಯೇನೋ ಇರುತ್ತೆ, ಆದ್ರೆ ರಾತ್ರಿಯೆಲ್ಲ ಮಲೆನಾಡಿನ ಮಳೇಲಿ ನೆಂದು ಬಿಗಿದುಕೊಂಡಿರೋ ಆ ಕಗ್ಗಂಟನ್ನ ಬೆಳಗ್ಗೆ ಮರಗಟ್ಟಿದ ಬೆರಳಲ್ಲಿ ಬಿಚ್ಚೋಕಾಗದೆ, ಹಲ್ಲಲ್ಲಿ ಕಚ್ಚಿ ಎಳೆದು, ಕೊನೆಗೆ ಚಾಕು ತಗೊಂಡು ಕುಯ್ದು ಬಿಸಾಕ್ತಾರೆ. ಬಿಗಿ ನಿಲ್ಲೋದು ಎಷ್ಟು ಮುಖ್ಯನೋ ಬೇಕಾದಾಗ ಬಿಚ್ಚೋದೂ ಅಷ್ಟೇ ಮುಖ್ಯ, ಹಾಗಾಗಿ ಇಲ್ಲಿ ಆ ಥರದ್ದನ್ನೇ ಹೇಳ್ತೀನಿ. ಕ್ಲಿಫರ್ಡ್ ಆಶ್ಲಿ ಅನ್ನೋ ಅಮೆರಿಕದವರು 1944ರಲ್ಲಿ 3,800ಕ್ಕೂ ಹೆಚ್ಚು ಗಂಟುಗಳನ್ನ ಒಂದೇ ಪುಸ್ತಕಕ್ಕೆ ತುಂಬಿದ್ರು, ಅಷ್ಟೆಲ್ಲ ನಮಗೆ ಬೇಡ ಬಿಡಿ.

ಮೊದಲು ಹಗ್ಗದ ವಿಷಯ. ಸಂತೇಲಿ ಸಿಗೋ ನೀಲಿ, ಹಳದಿ ಪ್ಲಾಸ್ಟಿಕ್ ಹಗ್ಗ ಅಗ್ಗ, ಹಗುರ, ನೀರಲ್ಲಿ ತೇಲುತ್ತೆ, ಆದ್ರೆ ನುಣುಪು ಜಾಸ್ತಿ, ಗಂಟು ಜಾರುತ್ತೆ, ಬಿಸಿಲಲ್ಲೇ ಬಿಟ್ರೆ ಪುಡಿಪುಡಿ ಆಗುತ್ತೆ. ತೆಂಗಿನ ನಾರಿನ ಹಗ್ಗ ಚೆನ್ನಾಗಿ ಕಚ್ಕೊಳ್ಳುತ್ತೆ, ಆದ್ರೆ ಹೊರೋಕೆ ಭಾರ. ನೈಲಾನ್ ನೆಂದ್ರೆ ಹಿಗ್ಗುತ್ತೆ, ಸಂಜೆ ತಂತಿ ಥರ ಬಿಗಿದ ಟಾರ್ಪಾಲು ನಡುರಾತ್ರಿ ಜೋತು ಬಿದ್ದು ಮಧ್ಯದಲ್ಲಿ ಕೊಳ ಕಟ್ಟೋದು ಬಹಳ ಸಲ ಇದ್ರಿಂದಾನೇ. 4 ಮಿ.ಮೀ. ಪಾಲಿಯೆಸ್ಟರ್ ಹುರಿ ಸಿಕ್ಕಿದ್ರೆ ಅದನ್ನೇ ತಗೊಳ್ಳಿ, ಕತ್ತರಿಸಿದ ತುದಿನ ಲೈಟರ್‌ನಲ್ಲಿ ಸ್ವಲ್ಪ ಕರಗಿಸಿ, ಇಲ್ಲಾಂದ್ರೆ ಎಳೆ ಬಿಚ್ಕೊಳ್ಳುತ್ತೆ.

ಮೊದಲನೇದು ಬೋಲೈನ್. ಮರಕ್ಕೆ ಹಗ್ಗ ಕಟ್ಟೋಕೆ ಇದು. ಎಷ್ಟು ಎಳೆದ್ರೂ ಕುಣಿಕೆ ಸಣ್ಣ ಆಗಲ್ಲ, ಜೀರುಗುಣಿಕೆ ಥರ ಬಿಗಿದುಕೊಳ್ಳಲ್ಲ. ಹಗ್ಗನ ಮರದ ಸುತ್ತ ತನ್ನಿ, ತುದಿ ಕೈಯಲ್ಲಿರಲಿ. ಉದ್ದನೆ ಭಾಗದಲ್ಲಿ ಒಂದು ಚಿಕ್ಕ ಸುತ್ತು ಮಾಡಿ, ತುದಿ ಕಡೆಗೆ ಹೋಗೋ ಎಳೆ ಉದ್ದನೆ ಎಳೆಯ ಮೇಲುಗಡೆ ಕೂತಿರಬೇಕು, ಇದೊಂದು ತಪ್ಪಿದ್ರೆ ಗಂಟೇ ಆಗಲ್ಲ. ಈಗ ತುದಿನ ಆ ಸುತ್ತಿನೊಳಗೆ ಕೆಳಗಿಂದ ಮೇಲಕ್ಕೆ ತಂದು, ಉದ್ದನೆ ಹಗ್ಗದ ಹಿಂದಿಂದ ಬಳಸಿ, ಬಂದ ದಾರೀಲೇ ವಾಪಸ್ ಅದೇ ಸುತ್ತಿನೊಳಗೆ ಇಳಿಸಿ ಎಳೀರಿ. ತುದಿ ಒಂದು ಗೇಣಾದ್ರೂ ಉಳೀಬೇಕು, ಯಾಕಂದ್ರೆ ಭಾರ ಇಲ್ದೆ ಗಾಳಿಗೆ ಅಲ್ಲಾಡ್ತಾ ಇದ್ರೆ ಇದು ಸಡಿಲ ಆಗುತ್ತೆ. ಬಿಚ್ಚೋವಾಗ ಉದ್ದನೆ ಹಗ್ಗನ ಬಳಸಿರೋ ಆ ಬಾಗನ್ನ ಹೆಬ್ಬೆರಳಲ್ಲಿ ಹಿಂದಕ್ಕೆ ತಳ್ಳಿ, ನೆಂದಿದ್ರೂ ಬಿಡುತ್ತೆ.

ಎರಡನೇದು ಟಾಟ್‌ಲೈನ್ ಹಿಚ್, ನನಗಂತೂ ಎಲ್ಲಕ್ಕಿಂತ ಇಷ್ಟ, ಗೂಟದ ಕಡೆ ತುದಿಗೆ ಹಾಕೋದು. ಹಗ್ಗನ ಗೂಟಕ್ಕೆ ಬಳಸಿ ವಾಪಸ್ ತಂದ್ರೆ ಎರಡು ಎಳೆ ಆಗುತ್ತಲ್ಲ, ತುದಿನ ಉದ್ದನೆ ಎಳೆಗೆ ಗೂಟದ ದಿಕ್ಕಲ್ಲಿ, ಆ ಕುಣಿಕೆಯ ಒಳಗಡೆಯೇ ಎರಡು ಸುತ್ತು ಸುತ್ತಿ, ಆಮೇಲೆ ಆ ಸುತ್ತುಗಳನ್ನ ದಾಟಿ ಗೂಟದಿಂದ ಆಚೆ ಕಡೆಗೆ ಬಂದು ಅದೇ ದಿಕ್ಕಲ್ಲಿ ಇನ್ನೊಂದು ಸುತ್ತು ಹಾಕಿ, ಆ ಕೊನೆ ಸುತ್ತಿನ ಅಡಿಯಿಂದ ತುದಿ ಎಳೆದು ಬಿಗಿ ಮಾಡಿ. ಗಂಟನ್ನ ಕೈಯಲ್ಲಿ ಹಿಡಿದು ಜಾರಿಸಿದ್ರೆ ಜಾರುತ್ತೆ, ಹಗ್ಗ ಎಳೆದ್ರೆ ಕಚ್ಕೊಂಡು ನಿಲ್ಲುತ್ತೆ. ಹಗ್ಗ ಸಡಿಲ ಆದ್ರೆ ಗಂಟನ್ನ ಗೂಟದಿಂದ ದೂರ ತಳ್ಳಿದ್ರೆ ಆಯ್ತು, ಏನೂ ಬಿಚ್ಚಿ ಕಟ್ಟೋ ಕೆಲಸ ಇಲ್ಲ. ಪ್ಲಾಸ್ಟಿಕ್ ಹಗ್ಗ ಆದ್ರೆ ಒಳಗಡೆ ಒಂದು ಸುತ್ತು ಜಾಸ್ತಿ ಹಾಕಿ.

ಹಗ್ಗ ಸಾಲ್ದೆ ಇನ್ನೊಂದು ಸೇರಿಸ್ಬೇಕಾದ್ರೆ ಶೀಟ್ ಬೆಂಡ್. ದಪ್ಪ ಹಗ್ಗನ ಯು ಆಕಾರಕ್ಕೆ ಮಡಚಿ, ತೆಳು ಹಗ್ಗನ ಆ ಮಡಿಕೆಯೊಳಗೆ ಕೆಳಗಿಂದ ತಂದು, ಎರಡೂ ಕಾಲುಗಳ ಹಿಂದಿಂದ ಸುತ್ತಿ, ತನ್ನದೇ ಎಳೆಯ ಅಡಿಗೆ ತೂರಿಸಿ. ಎರಡೂ ಚಿಕ್ಕ ತುದಿ ಒಂದೇ ಪಕ್ಕದಲ್ಲಿ ಬಂದ್ರೆ ಒಳ್ಳೇದು. ಎಡ ಬಲ ಬಲ ಎಡ ಅಂತ ಕಲಿತಿರೋ ರೀಫ್ ನಾಟ್ ಇಲ್ಲಿ ಬೇಡವೇ ಬೇಡ, ಅದು ಸೌದೆ ಹೊರೆಗೆ, ಬ್ಯಾಂಡೇಜ್‌ಗೆ ಸರಿ, ಭಾರ ಎಳೆಯೋ ಎರಡು ಹಗ್ಗ ಸೇರಿಸೋಕೆ ಹಾಕಿದ್ರೆ ಜಾರಿ ಬಿಚ್ಕೊಳ್ಳುತ್ತೆ.

ಟಾರ್ಪಾಲಿನ ಮೂಲೆಯ ರಿಂಗ್ ಕಿತ್ತು ಬಂದಿದ್ರೆ ತಲೆ ಕೆಡಿಸ್ಕೋಬೇಡಿ, ನಿಂಬೆಹಣ್ಣಿನಷ್ಟು ನುಣುಪಾದ ಕಲ್ಲನ್ನ ಮೂಲೆಯೊಳಗಿಟ್ಟು ಮಡಚಿ, ಕಲ್ಲಿನ ಕುತ್ತಿಗೆಗೆ ಹಗ್ಗ ಬಿಗಿದು ಕಟ್ಟಿ, ರಿಂಗ್‌ಗಿಂತ ಗಟ್ಟಿ ನಿಲ್ಲುತ್ತೆ. ಹಗ್ಗದ ಮೇಲೆ ಹರ್ಕೊಂಡು ಬರೋ ಮಳೆನೀರು ಒಳಗೆ ಬರಬಾರದು ಅಂದ್ರೆ ಟಾರ್ಪಾಲಿನ ಅಂಚಿಗೆ ಹತ್ರದಲ್ಲೇ ಆ ಹಗ್ಗಕ್ಕೆ ಒಂದು ತುಂಡು ದಾರ ಇಳಿಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತೆ. ಗೂಟದ ಹಗ್ಗಕ್ಕೆ ಬಿಳಿ ಬಟ್ಟೆ ಚೂರು ಕಟ್ಟಿ, ಇಲ್ಲಾಂದ್ರೆ ರಾತ್ರಿ ಎದ್ದು ಹೋಗೋರು ಎಡವಿ ಬೀಳೋದು ಗ್ಯಾರಂಟಿ.

ಒಂದು ವಿಷಯ ಮಾತ್ರ ಓದಿ ಕಲಿಯೋಕೆ ಹೋಗ್ಬೇಡಿ. ರಾಮನಗರ, ಬಾದಾಮಿ ಬಂಡೆ ಹತ್ತೋರು ಸೊಂಟಕ್ಕೆ ಕಟ್ಕೊಳ್ಳೋ ಪಟ್ಟಿಗೆ, ಅಂದ್ರೆ ಹಾರ್ನೆಸ್‌ಗೆ, ಹಾಕೋದು ಫಿಗರ್ ಎಯ್ಟ್ ಅನ್ನೋ 8ರ ಆಕಾರದ ಗಂಟು, ಸರಿಯಾಗಿದ್ಯಾ ಇಲ್ವಾ ಅಂತ ಜೊತೆಗಿರೋರು ನೋಡಿದ ತಕ್ಷಣ ಗೊತ್ತಾಗುತ್ತೆ ಅಂತಾನೇ ಅದು. ಅದನ್ನ ಇನ್‌ಸ್ಟ್ರಕ್ಟರ್ ಎದುರಿಗೇ ಕಲೀರಿ, ಪ್ರತಿ ಸಲ ಹತ್ತೋ ಮುಂಚೆ ಇನ್ನೊಬ್ಬರ ಕೈಲಿ ಚೆಕ್ ಮಾಡಿಸಿ. ಮೇಲಿನ ಮೂರಕ್ಕೆ ಮನೆಯ ಕುರ್ಚಿ ಕಾಲು ಸಾಕು, ಕೈಗೆ ರೂಢಿ ಆದ್ಮೇಲೆ ಲೈಟ್ ಆಫ್ ಮಾಡಿ, ಹಗ್ಗ ನೆನೆಸಿ ಕಟ್ಟಿ ಬಿಚ್ಚಿ ನೋಡಿ.