ಮುದಿ ನಾಯಿಯ ಬಾಯಿ ನಾರಿದರೆ ವಯಸ್ಸಾಯ್ತು ಅಂತ ಸುಮ್ಮನಿರಬೇಡಿ

ನಮ್ಮ ಕರಿಯನಿಗೆ 12 ವರ್ಷ. ಹತ್ತಿರ ಬಂದರೆ ಸಾಕು, ಕೊಳೆತ ಮೀನಿನ ವಾಸನೆ. ವಯಸ್ಸಾಯ್ತಲ್ಲ, ಇದ್ದದ್ದೇ ಅಂತ ನಾವೂ ಸುಮ್ಮನಿದ್ದೆವು. ಆಮೇಲೆ ರೊಟ್ಟಿ ಚೂರು ಹಾಕಿದರೆ ತಲೆ ಓರೆ ಮಾಡಿ ಒಂದೇ ಕಡೆ ಅಗಿಯುವುದು, ಅರ್ಧ ಉದುರಿಸಿ ನಮ್ಮ ಮುಖ ನೋಡುವುದು ಶುರುವಾಯಿತು. ಹಸಿವಿದೆ, ತಿನ್ನಲು ಆಗುತ್ತಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಬಲಗಣ್ಣಿನ ಕೆಳಗೆ ಅಡಿಕೆಯಷ್ಟು ಊತ. ಕಣಜ ಕಚ್ಚಿರಬೇಕು ಅಂದುಕೊಂಡೆ.

ಅದು ಹಲ್ಲಿನ ಕೀವು. ಮೇಲ್ದವಡೆಯ ಅಗಿಯುವ ದೊಡ್ಡ ಹಲ್ಲಿನ ಬೇರು ಸರಿಯಾಗಿ ಕಣ್ಣಿನ ಕೆಳಗೇ ಇರುತ್ತದೆ, ಅಲ್ಲಿ ಕೀವು ತುಂಬಿದರೆ ಕೆನ್ನೆ ಉಬ್ಬುತ್ತದೆ, ಬಿಟ್ಟರೆ ಒಡೆದು ಸೋರುತ್ತದೆ.

ಮನೆಯಲ್ಲಿ ನೋಡುವಾಗ ಬಾಯಿ ಅಗಲಿಸಲು ಹೋಗಬೇಡಿ. ಬೆಳಕಿಗೆ ಕೂರಿಸಿ, ತುಟಿ ಮಾತ್ರ ಮೇಲೆತ್ತಿ. ಹಿಂದಿನ ಹಲ್ಲುಗಳ ಮೇಲೆ ಕಂದು ಗಾರೆ (ಗಟ್ಟಿಯಾಗಿ ಅಂಟಿದ ಕೊಳೆ), ಅದರ ಅಂಚಿಗೆ ಕೆಂಪಗೆ ಊದಿದ ಒಸಡು ಕಂಡರೆ ಸೋಂಕು ಅಂತಲೇ ತಿಳಿಯಿರಿ. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು, ಅದಕ್ಕೆ ಹೆದರಬೇಡಿ. ಒಂದೇ ಕಡೆ ಗಡ್ಡೆ ಇದ್ದರಂತೂ ಡಾಕ್ಟರಿಗೆ ತೋರಿಸಲು ತಡ ಮಾಡಬಾರದು, ವಯಸ್ಸಾದ ನಾಯಿಗೆ ಬಾಯಿ ಕ್ಯಾನ್ಸರ್ ಬರುವುದುಂಟು. ಹಾಂ, ಜೊಲ್ಲು ಸುರಿಯುತ್ತಾ ದವಡೆ ಜೋತುಬಿದ್ದು, ನೀರೂ ನುಂಗಲಾಗದೆ, ನಡತೆಯೇ ಬದಲಾಗಿದ್ದರೆ ಬೆರಳು ಹಾಕಲೇಬೇಡಿ. ರೇಬಿಸ್ ಇರಬಹುದು.

ನನ್ನ ತಪ್ಪು ಕೇಳಿ. ಆಂಟಿಬಯೋಟಿಕ್ ಕೊಟ್ಟೆ, ಊತ ಇಳಿಯಿತು, ಗೆದ್ದೆ ಅಂದುಕೊಂಡೆ. ತಿಂಗಳಲ್ಲಿ ಮತ್ತೆ ಹಾಜರ್. ಕೆಟ್ಟ ಹಲ್ಲು ಒಳಗೇ ಇರುವಾಗ ಮಾತ್ರೆ ಏನು ಮಾಡೀತು? ಕೊನೆಗೆ ಡಾಕ್ಟರು ಅನಸ್ತೇಶಿಯಾ ಕೊಟ್ಟು ಪ್ರಜ್ಞೆ ತಪ್ಪಿಸಿ, ಎಕ್ಸ್‌ರೇ ತೆಗೆದು, ಗಾರೆ ಕೆರೆದು, ಕೆಟ್ಟ ಹಲ್ಲುಗಳನ್ನು ಕಿತ್ತರು. ಈ ವಯಸ್ಸಿಗೆ ಅನಸ್ತೇಶಿಯಾ ತಡೆದುಕೊಳ್ಳುತ್ತಾ ಅನ್ನುವ ಭಯ ನನಗೂ ಇತ್ತು. ಅದಕ್ಕೇ ಮೊದಲು ರಕ್ತ ಪರೀಕ್ಷೆ ಮಾಡಿಸಿ, ಹೃದಯ ತೋರಿಸಿ. ಕಿಡ್ನಿ ಕೆಟ್ಟರೂ ಬಾಯಿ ನಾರುತ್ತದೆ, ಹುಣ್ಣಾಗುತ್ತದೆ, ಅದೂ ಆ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ.

ನೋವಿಗೆ ನಮ್ಮ ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ, ನಾಯಿಗೆ ವಿಷವಾಗಬಹುದು. ನಮ್ಮ ಟೂತ್‌ಪೇಸ್ಟೂ ಬೇಡ, ಕೆಲವದರಲ್ಲಿ ಕ್ಸೈಲಿಟಾಲ್ ಅನ್ನುವ ಸಿಹಿಕಾರಕ ಇರುತ್ತದೆ, ಅದು ನಾಯಿಗೆ ವಿಷ. ನಾಯಿಯದೇ ಪೇಸ್ಟ್ ತಂದು ಬೆರಳಿಗೆ ಹಾಕುವ ಬ್ರಶ್‌ನಲ್ಲಿ ದಿನಾ ಉಜ್ಜಿ, ಯಾಕಂದರೆ ಹಲ್ಲಿನ ಮೇಲಿನ ಪಾಚಿ ಎರಡು ಮೂರು ದಿನದಲ್ಲೇ ಗಟ್ಟಿಯಾಗಿ ಗಾರೆಯಾಗಿಬಿಡುತ್ತದೆ, ಆಮೇಲೆ ಬ್ರಶ್ಶಿಗೆ ಬಗ್ಗುವುದಿಲ್ಲ. ಗಟ್ಟಿ ಮೂಳೆ ಹಲ್ಲು ಚೊಕ್ಕ ಮಾಡುತ್ತೆ ಅಂತಾರೆ, ನನಗೆ ನಂಬಿಕೆಯಿಲ್ಲ, ಹಲ್ಲು ಸೀಳುವುದೇ ಜಾಸ್ತಿ.

ಕಿತ್ತ ಮೇಲೆ ಎರಡು ವಾರ ಈರುಳ್ಳಿ, ಬೆಳ್ಳುಳ್ಳಿ, ಉಪ್ಪು ಹಾಕದೆ ಬೇಯಿಸಿದ ಕೋಳಿ ಮತ್ತು ಮೆತ್ತಗಿನ ಅನ್ನ ಕಲಸಿ ಕೊಟ್ಟೆ. ನಾಯಿಗೆ 42 ಹಲ್ಲು, ಕರಿಯನಿಗೆ ಈಗ ಏಳು ಕಮ್ಮಿ. ಮುದ್ದೆಯನ್ನಂತೂ ನಮ್ಮ ಹಾಗೇ ಅಗಿಯದೆ ನುಂಗುತ್ತಾನೆ.