ಎಚ್‌ಡಿಆರ್ ಆನ್ ಮಾಡಿದರೆ ಪರದೆ ಮಂಕು: ನಾನು ಸರಿಮಾಡಿಕೊಂಡಿದ್ದು ಹೀಗೆ

ದಾವಣಗೆರೆಯ ನಮ್ಮ ಮನೆಗೆ ಹೊಸ ಮಾನಿಟರ್ ಬಂದು ವಾರವಾಗಿತ್ತು. ಎಚ್‌ಡಿಆರ್ (ತೀರಾ ಬೆಳಕು, ತೀರಾ ಕತ್ತಲೆ ಎರಡನ್ನೂ ವಿವರವಾಗಿ ತೋರಿಸುವ ವಿಧಾನ) ಆನ್ ಮಾಡಿದ ಕೂಡಲೇ ಡೆಸ್ಕ್‌ಟಾಪ್ ಬೂದಿ ಬಳಿದ ಹಾಗೆ ಮಂಕು. ಆಟ ಶುರುಮಾಡಿದರೆ ಇನ್ನೊಂದು ತೊಂದರೆ. ಸಂಜೆಯ ಮೋಡಗಳೆಲ್ಲ ಸುಣ್ಣ ಹೊಡೆದ ಗೋಡೆ ಥರ ಒಂದೇ ಬಿಳುಪು, ಅಂಚೇ ಕಾಣಿಸುತ್ತಿರಲಿಲ್ಲ. ಕೇಬಲ್ ಬದಲಿಸಿದೆ, ಡ್ರೈವರ್ ಮತ್ತೆ ಹಾಕಿದೆ. ಏನೂ ಆಗಲಿಲ್ಲ.

ಮಂಕು ಬೇಗ ಹೋಯಿತು. ವಿಂಡೋಸ್ 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಎಚ್‌ಡಿಆರ್‌ಗೆ ಹೋಗಿ ‘ಎಸ್‌ಡಿಆರ್ ಕಂಟೆಂಟ್ ಬ್ರೈಟ್‌ನೆಸ್’ ಜಾಸ್ತಿ ಮಾಡಿದೆ. ಎಸ್‌ಡಿಆರ್ ಅಂದರೆ ಎಚ್‌ಡಿಆರ್ ಅಲ್ಲದ ಮಾಮೂಲಿ ಚಿತ್ರ. ಪರದೆ ಮೇಲಿನ ಮಾಮೂಲಿ ವಿಂಡೋ, ಅಕ್ಷರಗಳ ಬೆಳಕು ಇರುವುದೇ ಆ ಸ್ಲೈಡರ್ ಕೈಯಲ್ಲಿ.

ಮೋಡದ ಕಥೆ ಬೇರೆ. ನನ್ನ ಮಾನಿಟರ್ ಕೊಡುವುದು ಹೆಚ್ಚೆಂದರೆ ಸುಮಾರು 400 ನಿಟ್ಸ್ (ಪರದೆಯ ಬೆಳಕಿನ ಅಳತೆ). ಆಟ 1,000 ನಿಟ್ಸ್ ಇದೆ ಅಂದುಕೊಂಡು ಬೆಳಕು ಕಳಿಸುತ್ತಿತ್ತು, 400 ದಾಟಿದ್ದೆಲ್ಲ ಒಂದೇ ಬಿಳುಪಾಗುತ್ತಿತ್ತು. ಮೈಕ್ರೋಸಾಫ್ಟ್ ಸ್ಟೋರ್‌ನಿಂದ ‘ವಿಂಡೋಸ್ ಎಚ್‌ಡಿಆರ್ ಕ್ಯಾಲಿಬ್ರೇಶನ್’ ಅನ್ನುವ, ಪರದೆಯ ಬೆಳಕಿನ ಮಿತಿಯನ್ನು ವಿಂಡೋಸ್‌ಗೆ ತಿಳಿಸುವ ಆ್ಯಪ್ ಇಳಿಸಿಕೊಂಡೆ. ಪರದೆ ಮೇಲೆ ಚೌಕಗಳು ಬರುತ್ತವೆ. ಅವು ಕಾಣದಂತಾಗುವವರೆಗೆ ಸ್ಲೈಡರ್ ಎಳೆಯಬೇಕು, ಅಷ್ಟೇ. ಮೊದಲ ಸಲ ಮಧ್ಯಾಹ್ನ ಮಾಡಿದ್ದೆ. ನಮ್ಮೂರ ಬಿಸಿಲು ಕಿಟಕಿಯಿಂದ ನೇರ ಪರದೆಗೆ ಬೀಳುತ್ತಿತ್ತು, ಕಪ್ಪು ಚೌಕ ಕಾಣಲೇ ಇಲ್ಲ. ರಾತ್ರಿ ದೀಪ ಆರಿಸಿ ಮತ್ತೆ ಮಾಡಿದೆ. ಆಟದೊಳಗಿನ ಪೀಕ್ ಬ್ರೈಟ್‌ನೆಸ್ (ಗರಿಷ್ಠ ಬೆಳಕು) ಸೆಟ್ಟಿಂಗನ್ನೂ 400ಕ್ಕೆ ಇಳಿಸಿದೆ.

ಈಗ ಮೋಡದ ಅಂಚಿನ ಕಿತ್ತಳೆ ಗೆರೆ ಕೂಡ ಕಾಣುತ್ತದೆ. ಎಷ್ಟು ಚೆಂದ ಅಂತೀರಿ!