ಕುಂಬಳಕಾಯಿ ತಲೆಯವನಿಗೆ ಜಿಗಿಯಲು ಕಲಿಸಿದ್ದು

2024ರಲ್ಲಿ ನರಕ ಚತುರ್ದಶಿಯೂ ಪಶ್ಚಿಮದವರ ಭೂತದ ಹಬ್ಬ ಹ್ಯಾಲೋವೀನೂ ಒಂದೇ ದಿನ ಬಂದಿದ್ದವು, ಅಕ್ಟೋಬರ್ 31ಕ್ಕೆ. ನಸುಕಿನಲ್ಲಿ ಎಣ್ಣೆ ಹಚ್ಚಿಕೊಂಡು ಜಳಕ ಮಾಡಿ, ಆರತಿ ಮಾಡಿಸಿಕೊಂಡು, ಅವಲಕ್ಕಿ ತಿಂದು ಕೂತಾಗ ಹುಬ್ಬಳ್ಳಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗ ನನ್ನ ಲ್ಯಾಪ್‌ಟಾಪ್ ತೆಗೆದ. ಬಾಗಲಕೋಟೆ ನವನಗರದ ನಮ್ಮ ಮನೆಯ ಪಡಸಾಲೆಯಲ್ಲಿ ಅವತ್ತು ನಾವಿಬ್ಬರೂ ಆಡಿದ ವಿಡಿಯೊ ಗೇಮ್ ‘ಪಂಪ್‌ಕಿನ್ ಜ್ಯಾಕ್’. ಎರಡು ದಿನದಲ್ಲಿ ಮುಗಿಸಿದೆವು. ಆಟ ಬಹಳ ಇಷ್ಟವಾಯಿತು, ಒಂದಿಷ್ಟು ತಕರಾರೂ ಉಳಿದವು. ಆ ತಕರಾರುಗಳನ್ನು ಹಿಡಿದುಕೊಂಡೇ ಮುಂದಿನ ವಾರ ಸ್ವಂತ ಗೇಮ್ ಮಾಡಲು ಕೂತೆ.

ಮೊದಲು ಆ ಆಟದ ಬಗ್ಗೆ. ಅದು 2020ರ ಅಕ್ಟೋಬರ್‌ನಲ್ಲಿ ಬಂತು. ಫ್ರಾನ್ಸಿನ ನಿಕೋಲಾ ಮೇಸೊನಿಯೇ ಅದನ್ನು ಬಹುಮಟ್ಟಿಗೆ ಒಬ್ಬರೇ ಕೂತು ಕಟ್ಟಿದ್ದಾರೆ. ಶಾಂತಿಯಿಂದ ಬೇಸತ್ತ ಸೈತಾನ ಲೋಕದ ಮೇಲೆ ಮುಗಿಯದ ರಾತ್ರಿ ಕವಿಸುತ್ತಾನೆ. ಜನ ಒಬ್ಬ ಮಾಂತ್ರಿಕನ ಮೊರೆಹೋಗುತ್ತಾರೆ. ಅವನನ್ನು ಮುಗಿಸಲು ಸೈತಾನ ಕಳಿಸುವ ಕುಂಬಳಕಾಯಿ ತಲೆಯ ಆಳೇ ಜ್ಯಾಕ್, ಅವನೇ ನಾವು. ಹೆಗಲ ಮೇಲೊಂದು ಕಾಗೆ. ಕಟ್ಟೆಯಿಂದ ಕಟ್ಟೆಗೆ ಜಿಗಿಯುವುದು, ಅಡಗಿಸಿಟ್ಟ ಕಾಗೆ ಬುರುಡೆ ಹುಡುಕುವುದು, ಅವನ್ನು ಕೊಟ್ಟು ವೇಷ ಕೊಳ್ಳುವುದು. ಕೆಲವು ಕಡೆ ಜ್ಯಾಕ್‌ನ ತಲೆಯೇ ಮೈಯಿಂದ ಕಳಚಿಕೊಂಡು ತೆವಳುತ್ತ ಹೋಗಿ ಬೀಗ ಬಿಡಿಸಿಕೊಂಡು ಬರುತ್ತದೆ. ಅಂಥ ಜಾಗ ಬಂದಾಗಲೆಲ್ಲ ಅಳಿಯ ಕಂಟ್ರೋಲರ್ ಕೊಡಲು ಒಲ್ಲೆ ಅಂದ.

ನನ್ನನ್ನು ಸೆಳೆದದ್ದು ಬೆಳಕು. ನನ್ನ ಹಗಲಿನ ಕೆಲಸ ಫ್ಲೆಕ್ಸ್ ಬ್ಯಾನರ್ ಡಿಸೈನ್ ಮಾಡುವುದು. ಹುಟ್ಟುಹಬ್ಬ, ಶ್ರದ್ಧಾಂಜಲಿ, ಜಾತ್ರೆ, ಚುನಾವಣೆ, ಎಲ್ಲವೂ ರಣಬಿಸಿಲಲ್ಲಿ ಕಾಣಬೇಕು. ಇಡೀ ಆಟವೇ ಕತ್ತಲಲ್ಲಿ ನಡೆದರೂ ಕಾಲಿಡುವ ಜಾಗ ಒಮ್ಮೆಯೂ ತಪ್ಪದಂತೆ ಅವರು ಹೇಗೆ ತೋರಿಸಿದರು ಅನ್ನುವುದು ನನಗೆ ದೊಡ್ಡ ವಿಷಯ. ಹಿಂದೆ ತಣ್ಣನೆಯ ನೀಲಿ ಹಸಿರು ಮಂಜು, ಮುಂದೆ ಲಾಂದ್ರದ ಕಿತ್ತಳೆ ಬೆಳಕು. ನಡುವೆ ನಿಂತ ಕಟ್ಟೆಯ ಅಂಚು ಆ ಎರಡು ಬಣ್ಣದ ಜಗಳದಲ್ಲೇ ಎದ್ದು ಕಾಣುತ್ತದೆ.

ಕೊರತೆಗಳೂ ಅಷ್ಟೇ ನಿಜ. ಪ್ರತಿ ಹಂತದಲ್ಲಿ ಹೊಸ ಆಯುಧ ಸಿಗುತ್ತದೆ, ಆದರೆ ಬಡಿದಾಟ ಹೆಚ್ಚುಕಡಿಮೆ ಒಂದೇ. ಒಂದೇ ಬಟನ್ ಒತ್ತುತ್ತಿದ್ದರೆ ಅಸ್ಥಿಪಂಜರಗಳು ಉದುರುತ್ತವೆ. ಗಣಿಯ ಬಂಡಿಯ ಮೇಲೆ ಓಡುವ ಭಾಗಗಳಲ್ಲಿ ಅಡ್ಡ ಬರುವುದು ಕಣ್ಣಿಗೆ ಬೀಳುವಷ್ಟರಲ್ಲಿ ಸತ್ತಾಗಿರುತ್ತದೆ, ಅಲ್ಲಿ ಬುದ್ಧಿಗಿಂತ ಬಾಯಿಪಾಠ ಕೆಲಸಕ್ಕೆ ಬರುತ್ತದೆ. ಜಿಗಿತವೂ ನನಗೆ ಸ್ವಲ್ಪ ಹಗುರ ಅನ್ನಿಸಿತು, ನೆಲಕ್ಕೆ ಇಳಿದದ್ದು ಕೈಗೆ ಗೊತ್ತಾಗುವುದಿಲ್ಲ. ವೇಷ, ಮಂಜು, ಹಾಡು ಎಲ್ಲ ಸೇರಿ ನಮ್ಮನ್ನು ಎಳೆದು ಕೂಡಿಸಿದವು. ಮೂರನೇ ಹಂತದ ಹೊತ್ತಿಗೆ ಅವು ರೂಢಿಯಾದವು. ಆಮೇಲೆ ಉಳಿದದ್ದು ಜಿಗಿತ ಒಂದೇ.

ನನ್ನ ಆಟಕ್ಕೆ ಜಾಗ ಹುಡುಕುವ ತ್ರಾಸು ಆಗಲಿಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೆ ಬಾಗಲಕೋಟೆಯ ದೊಡ್ಡ ಭಾಗ ಹೋದದ್ದು ಈ ಕಡೆಯವರಿಗೆಲ್ಲ ಗೊತ್ತು. ನಾನು ಐದನೇ ಇಯತ್ತೆಯಲ್ಲಿದ್ದಾಗ ನಮ್ಮ ಮನೆ ಬಿಟ್ಟೆವು. ಬಾಗಿಲ ಚೌಕಟ್ಟು, ತೊಲೆ, ಕಿಟಕಿ ಎಲ್ಲ ಕಿತ್ತುಕೊಂಡು ನವನಗರಕ್ಕೆ ತಂದರು. ಹಿಂದೆ ಉಳಿದದ್ದು ಅರ್ಧ ಗೋಡೆ, ಗೋಡೆಯಲ್ಲಿ ದೀಪ ಇಡುವ ಗೂಡು, ಮೇಲೆ ಬಯಲು. ಅದಕ್ಕೂ ಮೊದಲು ನಾವು ಹುಡುಗರು ಸಂಜೆಗಳನ್ನೆಲ್ಲ ಕಳೆದದ್ದು ಮಾಳಿಗೆಯಿಂದ ಮಾಳಿಗೆಗೆ ಜಿಗಿಯುತ್ತ. ಮಣ್ಣಿನ ಮಾಳಿಗೆಗಳು ಒಂದಕ್ಕೊಂದು ಹೊಂದಿಕೊಂಡೇ ಇರುತ್ತಿದ್ದವು, ನಡುವೆ ಸಂದಿ, ಅಲ್ಲಲ್ಲಿ ಬೆಳಕಿಂಡಿ. ಬೆಳಕಿಂಡಿಯಲ್ಲಿ ಕಾಲು ಹೋದರೆ ಕೆಳಗಿನ ಅಡಿಗೆಮನೆಯಿಂದ ಬೈಗುಳ ಖಾತ್ರಿ. ಕಟ್ಟೆ ಜಿಗಿಯುವ ಆಟಕ್ಕೆ ಇನ್ನೇನು ಬೇಕು? ಮಾಳಿಗೆಯೇ ಕಟ್ಟೆ, ಬೆಳಕಿಂಡಿಯೇ ಗುಂಡಿ, ಗೂಡಿನ ದೀಪವೇ ಲಾಂದ್ರ. ಅಮಾವಾಸ್ಯೆ ರಾತ್ರಿ, ಖಾಲಿ ಓಣಿ, ಮೆಲ್ಲಗೆ ಏರುವ ನೀರು.

ಗೊಡೊ ಎಂಬ ಎಂಜಿನ್, ಅಂದರೆ ಗೇಮ್ ಕಟ್ಟುವ ಸಾಫ್ಟ್‌ವೇರ್, ಪುಕ್ಕಟೆ ಸಿಗುತ್ತದೆ, ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಅದರಲ್ಲೇ ಎರಡು ಆಯಾಮದ ಆಟ ಕಟ್ಟಿದೆ. ಚಿತ್ರ ಬಿಡಿಸಲು ನನಗೆ ಹತ್ತು ದಿನ ಸಾಕಾಯಿತು. ಜಿಗಿತಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಮೊದಮೊದಲು ಗುರುತ್ವದ ಅಂಕಿಯನ್ನು ಅಂದಾಜಿನ ಮೇಲೆ ಏರಿಸಿ ಇಳಿಸಿ ನೋಡುತ್ತಿದ್ದೆ. ಒಂದು ದಿನ ನನ್ನ ಕುಂಬಳಕಾಯಿ ತಲೆಯ ಹೀರೋ ಬಲೂನಿನಂತೆ ತೇಲುವನು, ಇನ್ನೊಂದು ದಿನ ಕಲ್ಲಿನಂತೆ ಬೀಳುವನು. ಆಮೇಲೆ ಲೆಕ್ಕವನ್ನು ತಿರುವಿ ಹಾಕುವುದು ತಿಳಿಯಿತು. ಎಷ್ಟು ಎತ್ತರ, ಎಷ್ಟು ಹೊತ್ತಿನಲ್ಲಿ ಅನ್ನುವುದನ್ನು ಮೊದಲು ನಿರ್ಧರಿಸಬೇಕು, ಗುರುತ್ವವನ್ನು ಅದರಿಂದ ತೆಗೆಯಬೇಕು. ನನ್ನ ಒಂದು ಇಟ್ಟಿಗೆ 16 ಪಿಕ್ಸೆಲ್. ಮೂರು ಇಟ್ಟಿಗೆ, ಅಂದರೆ 48 ಪಿಕ್ಸೆಲ್ ಎತ್ತರವನ್ನು 0.4 ಸೆಕೆಂಡಿನಲ್ಲಿ ಮುಟ್ಟಬೇಕು ಅಂದುಕೊಂಡೆ. ಎತ್ತರದ ಎರಡರಷ್ಟನ್ನು ಸಮಯದ ವರ್ಗದಿಂದ ಭಾಗಿಸಿದರೆ ಗುರುತ್ವ 600 ಬರುತ್ತದೆ. ಸಮಯದಿಂದ ಒಂದೇ ಸಲ ಭಾಗಿಸಿದರೆ ಜಿಗಿಯುವ ವೇಗ 240. ಪಿ.ಯು.ಸಿ.ಯಲ್ಲಿ ಬರೀ ಮಾರ್ಕ್ಸಿಗಾಗಿ ಓದಿದ ಸೂತ್ರಗಳು ಇವೇ. ಏರುವಾಗ 600, ಇಳಿಯುವಾಗ 900 ಮಾಡಿದೆ. ಆಗ ಮಾಳಿಗೆ ಮೇಲೆ ಅವನು ಧಪ್ ಎಂದು ಕೂತ. ಜ್ಯಾಕ್‌ನಲ್ಲಿ ನನಗೆ ಸಿಗದ ತೂಕ ಅದೇ.

ಕ್ರಿಸ್‌ಮಸ್ ರಜೆಗೆ ಅಳಿಯ ಮತ್ತೆ ಬಂದ. ಎರಡನೇ ಮಾಳಿಗೆಯಲ್ಲೇ ಹದಿನೈದು ಸಲ ಬಿದ್ದ.

“ಮಾಮಾ, ನಾ ಒತ್ತೇನಿ. ಅಂವಾ ಹಾರಲಿಲ್ಲ.”

“ನೀ ತಡಾ ಮಾಡಿದಿ.”

“ಇಲ್ಲೋ ಮಾಮಾ, ಖರೇನ ಒತ್ತೇನಿ!”

ಅವನ ಕಣ್ಣಲ್ಲಿ ನೀರು ಬಂದಿತ್ತು. ಹುಡುಗ ಸುಳ್ಳು ಹೇಳುವವನಲ್ಲ. ರಾತ್ರಿ ಅವನ ಆಟವನ್ನು ರೆಕಾರ್ಡ್ ಮಾಡಿ, ಬಟನ್ ಒತ್ತಿದ ಗುರುತು ಪರದೆಯ ಮೂಲೆಯಲ್ಲಿ ಬರುವಂತೆ ಮಾಡಿಕೊಂಡು ಒಂದೊಂದೇ ಫ್ರೇಮ್ ಸರಿಸಿ ನೋಡಿದೆ. ಸೆಕೆಂಡಿಗೆ 60 ಫ್ರೇಮ್. ಅವನು ಒತ್ತಿದ್ದು ಹೀರೋನ ಕಾಲು ಅಂಚು ಬಿಟ್ಟ ಮೂರನೇ ಫ್ರೇಮಿನಲ್ಲಿ, ಅಂದರೆ ಸೆಕೆಂಡಿನ ಇಪ್ಪತ್ತರಲ್ಲಿ ಒಂದು ಭಾಗ ತಡ. ಅಷ್ಟು ಸಣ್ಣ ಅಂತರ ಅವನ ಕಣ್ಣಿಗೆ ಕಾಣುವುದು ಹೇಗೆ? ಅವನ ಪಾಲಿಗೆ ಅವನು ಅಂಚಿನ ಮೇಲೇ ಇದ್ದ. ಮಶೀನಿನ ಪಾಲಿಗೆ ಗಾಳಿಯಲ್ಲಿದ್ದ. ಅವನ ಮಾತೇ ಸರಿ ಅನ್ನಿಸಿತು, ಮಶೀನನ್ನು ತಿದ್ದಿದೆ.

ಇದಕ್ಕೆ ಗೇಮ್ ಮಾಡುವವರು ಕಾಯೋಟೆ ಟೈಮ್ ಅನ್ನುತ್ತಾರೆ. ಹಳೆಯ ಕಾರ್ಟೂನಿನ ನರಿಯಂಥ ಪ್ರಾಣಿ ಬಂಡೆಯ ಅಂಚು ದಾಟಿದ ಮೇಲೂ ಕ್ಷಣಹೊತ್ತು ಗಾಳಿಯಲ್ಲಿ ಓಡುತ್ತದಲ್ಲ, ಅದರ ಹೆಸರು. 2018ರ ‘ಸೆಲೆಸ್ಟ್’ ಎಂಬ ಕಠಿಣ ಆಟದಲ್ಲೂ ಸೆಕೆಂಡಿನ ಹತ್ತರಲ್ಲಿ ಒಂದು ಭಾಗದಷ್ಟು ಈ ರಿಯಾಯಿತಿ ಇದೆ. ನಾನೂ ಅಷ್ಟೇ ಇಟ್ಟೆ, ಆರು ಫ್ರೇಮ್. ನೆಲ ಮುಟ್ಟುವ ಮುಂಚೆಯೇ ಅವಸರದಲ್ಲಿ ಒತ್ತಿದ್ದನ್ನೂ ಆರು ಫ್ರೇಮ್ ನೆನಪಿಟ್ಟುಕೊಂಡು, ಕಾಲೂರಿದ ಕೂಡಲೇ ಹಾರಿಸುವಂತೆ ಮಾಡಿದೆ. ಮರುದಿನ ಅಳಿಯನಿಗೆ ಏನೂ ಹೇಳದೆ ಆಟ ಕೊಟ್ಟೆ. ಎರಡನೇ ಮಾಳಿಗೆ ದಾಟಿದ, ಮೂರು, ನಾಲ್ಕು. “ಇವತ್ತ ನನ್ನ ಕೈ ಕುಂತೈತಿ ಮಾಮಾ” ಅಂದ.

ಕತ್ತಲೆಯದು ಬೇರೆಯೇ ರಗಳೆ. ಹ್ಯಾಲೋವೀನ್ ಅಂದಮೇಲೆ ಕಿತ್ತಳೆ ಬೇಕೇಬೇಕು ಎಂದು ನಾನು ಹೀರೋನ ತಲೆಗೂ, ಗೂಡಿನ ದೀಪಕ್ಕೂ, ಹೆಕ್ಕುವ ನಾಣ್ಯಕ್ಕೂ, ಸುಡುವ ಬೆಂಕಿಗೂ ಅದೇ ಬಣ್ಣ ಬಳಿದಿದ್ದೆ. ನೋಡಲು ಚಂದವಾಗಿತ್ತು. ಆಡಲು ಕೊಟ್ಟರೆ, ಅಳಿಯ ನಾಣ್ಯ ಎಂದು ಓಡಿ ಹೋಗಿ ಬೆಂಕಿಯಲ್ಲಿ ಬಿದ್ದ. ಫ್ಲೆಕ್ಸ್ ಕೆಲಸದಲ್ಲಿ ಕಲಿತ ಒಂದು ಉಪಾಯ ಇಲ್ಲಿ ಉಪಯೋಗಕ್ಕೆ ಬಂತು. ಪರದೆಯ ಚಿತ್ರ ತೆಗೆದು ಬಣ್ಣವನ್ನೆಲ್ಲ ಕಳೆದು ಬೂದು ಮಾಡಿ ನೋಡಿದೆ. ಹೀರೋ ಎಲ್ಲಿದ್ದಾನೆಂದು ನನಗೇ ಹುಡುಕಬೇಕಾಯಿತು. ಕಟ್ಟೆಯ ಮೈಯೂ ಹಿಂದಿನ ಗೋಡೆಯೂ ಒಂದೇ ಬೂದು.

ಅದೇ ಹೊತ್ತಿಗೆ ಅವ್ವ ಚಹಾ ತಂದಿಟ್ಟು ಪರದೆ ನೋಡಿದಳು.

“ಇದೇನೋ, ದೃಷ್ಟಿಗೆ ಕಟ್ಟಿದ ಕುಂಬಳಕಾಯಿಗೆ ಕೈಕಾಲ ಬಂದಂಗ ಐತಿ. ಆದ್ರ ಅಂಗಡಿ ಮುಂದ ಕಟ್ಟೂದು ಬೂದಗುಂಬಳ. ಇದ್ಯಾಕ ಕೆಂಪಗೈತಿ?”

ನಾನು ಐರ್ಲೆಂಡಿನ ಕಥೆ ಹೇಳಿದೆ. ಸೈತಾನನಿಗೇ ಮೋಸ ಮಾಡಿದ ಜ್ಯಾಕ್‌ಗೆ ಸ್ವರ್ಗವೂ ಇಲ್ಲ, ನರಕವೂ ಇಲ್ಲ, ಕೆಂಡ ಇಟ್ಟ ಗಡ್ಡೆಯನ್ನೇ ಲಾಂದ್ರ ಮಾಡಿಕೊಂಡು ಅಲೆಯುತ್ತಾನೆ. ಅಲ್ಲಿ ಮೊದಲು ಕೊರೆಯುತ್ತಿದ್ದದ್ದು ಟರ್ನಿಪ್ ಗಡ್ಡೆ. ಅಮೆರಿಕೆಗೆ ವಲಸೆ ಹೋದವರಿಗೆ ಅಲ್ಲಿ ದೊಡ್ಡ ಕುಂಬಳಕಾಯಿ ಸುಲಭಕ್ಕೆ ಸಿಕ್ಕಿತು, ಅದನ್ನೇ ಕೊರೆದರು. ಅವ್ವ ಕೇಳಿಕೊಂಡು, “ಹಂಗಾದ್ರ ಅವರೂ ತಮ್ಮೂರಾಗ ಸಿಕ್ಕದ್ದನ್ನ ಕೊರದಾರ” ಅಂದು ಒಳಗೆ ಹೋದಳು.

ಆ ರಾತ್ರಿಯೇ ಹೀರೋನನ್ನು ಬೂದುಗುಂಬಳ ಮಾಡಿದೆ. ಮೈಮೇಲೆ ಬಿಳಿ ಬೂದಿ, ಸುಣ್ಣ ಮಸಿಯಲ್ಲಿ ಬರೆದ ದೊಡ್ಡ ಕಣ್ಣು, ಕೋರೆಹಲ್ಲು, ಹಣೆಗೆ ಕುಂಕುಮ, ತಲೆಯ ಮೇಲೆ ಜೋತುಬಿದ್ದ ಹಗ್ಗದ ತುಂಡು. ಖಾಲಿಯಾದ ಊರಲ್ಲಿ ಯಾರೂ ಇಳಿಸದೆ ಬಿಟ್ಟುಹೋದ ಕಾಯಿ ಅವನು. ದೃಷ್ಟಿ ಕಾಯಲು ಮನೆಯಿಲ್ಲ, ಮನೆಯವರನ್ನು ಹುಡುಕಿಕೊಂಡು ಹೊರಟಿದ್ದಾನೆ. ಮತ್ತೆ ಬೂದು ಮಾಡಿ ನೋಡಿದೆ. ಕತ್ತಲ ಓಣಿಯಲ್ಲಿ ಎಲ್ಲಕ್ಕಿಂತ ಬೆಳ್ಳಗಿದ್ದವನು ಅವನೊಬ್ಬನೇ. ವಾರಗಟ್ಟಲೆ ತಲೆ ಕೆಡಿಸಿದ್ದ ಗೋಜಲು ಅವ್ವನ ಒಂದು ಮಾತಿನಿಂದ ಬಿಡಿಸಿಹೋಯಿತು. ಆಮೇಲೆ ಕಿತ್ತಳೆಯನ್ನು ಬೆಂಕಿಗೆ ಮಾತ್ರ ಬಿಟ್ಟೆ, ನಾಣ್ಯಕ್ಕೆ ಅರಿಸಿನ ಬಣ್ಣ ಕೊಟ್ಟು ಗಿರಗಿರ ತಿರುಗಿಸಿದೆ, ಕಾಲಿಡಬಹುದಾದ ಪ್ರತಿ ಮಾಳಿಗೆಯ ಅಂಚಿಗೆ ಒಂದು ಪಿಕ್ಸೆಲ್ ಬೆಳದಿಂಗಳ ಗೆರೆ ಎಳೆದೆ. ಅಮಾವಾಸ್ಯೆಯಲ್ಲಿ ಬೆಳದಿಂಗಳು ಎಲ್ಲಿಯದು ಎಂದು ಗೆಳೆಯನೊಬ್ಬ ಕೇಳಿದ. ಅವನ ಪ್ರಶ್ನೆ ಸರಿಯಾದದ್ದೇ. ಆದರೂ ಗೆರೆ ಇರಲಿ ಎಂದೆ, ಅದಿಲ್ಲದೆ ಮಕ್ಕಳು ಬೀಳುತ್ತಾರೆ.

ಸಪ್ಪಳಕ್ಕೆ 2025ರ ಮಾರ್ಚ್‌ವರೆಗೆ ಕಾದೆ. ಬಾಗಲಕೋಟೆಯ ಹೋಳಿ ಅಂದರೆ ಹಲಗಿ. ಕಿಲ್ಲಾ ಓಣಿಯಲ್ಲಿ ರಾತ್ರಿ ಹಲಗಿ ಬಾರಿಸುವವರ ಮಗ್ಗುಲಲ್ಲಿ ನಿಂತು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಬೆಂಕಿಗೆ ಹಿಡಿದು ಕಾಯಿಸಿದ ಹಲಗಿಯ ಮೊದಲ ಪೆಟ್ಟು ಎದೆಗೇ ಬಂದು ಬಡಿಯುತ್ತದೆ. ಮೊಬೈಲಿಗೆ ಆ ಪೆಟ್ಟು ತಡೆಯಲಾಗದೆ ಧ್ವನಿ ಒಡೆದಿತ್ತು, ಮರುದಿನ ನಾಲ್ಕು ಹೆಜ್ಜೆ ಹಿಂದೆ ನಿಂತು ಮತ್ತೆ ತೆಗೆದೆ. ಆಟದಲ್ಲಿ ನೀರು ಕೆಳಗಿದ್ದಾಗ ಹಲಗಿ ನಿಧಾನ. ನೀರು ಏರಿದಂತೆ ಗತಿ ಏರುತ್ತದೆ. ಕಣ್ಣು ಮೇಲಿನ ಮಾಳಿಗೆಯ ಮೇಲಿದ್ದರೂ ಕೆಳಗೆ ನೀರೆಷ್ಟು ಬಂತೆಂಬುದನ್ನು ಕಿವಿ ಹೇಳುತ್ತದೆ.

ಇನ್ನೂ ಸರಿಹೋಗದ್ದೂ ಇದೆ. ಕೊನೆಯ ರಾಕ್ಷಸನ ಜತೆಗಿನ ಬಡಿದಾಟ ಸಪ್ಪಗಿದೆ. ಜ್ಯಾಕ್‌ನಲ್ಲಿ ನಾನು ಬೇಸರಪಟ್ಟ ಅದೇ ತಪ್ಪು, ಒಂದೇ ಪೆಟ್ಟನ್ನು ಆರು ಸಲ ಹೊಡೆಯುವುದು. ಒಂಟಿಯಾಗಿ ಆಟ ಕಟ್ಟುವವನಿಗೆ ಅಲ್ಲಿ ಶಕ್ತಿ ಯಾಕೆ ಮುಗಿದಿರುತ್ತದೆ ಎಂಬುದು ಈಗ ನನಗೆ ಚೆನ್ನಾಗಿ ಅರ್ಥವಾಗಿದೆ, ಮೇಸೊನಿಯೇ ಅವರ ಮೇಲಿನ ಗೌರವ ಹೆಚ್ಚಾಗಿದೆ.

ಬಂಡಿಯ ಭಾಗವನ್ನೂ ನಾನು ಬಿಡಲಿಲ್ಲ. ಗಣಿಯ ಬಂಡಿಯ ಬದಲು ಚಕ್ಕಡಿ, ಬೆದರಿದ ಎತ್ತುಗಳು, ಕತ್ತಲ ಓಣಿ, ಅಡ್ಡ ಬಿದ್ದ ತೊಲೆಗಳು. ಮೊದಲ ಸಲ ಆಡಿದ ಅಳಿಯ ಒಂಬತ್ತು ಸಲ ಸತ್ತು, “ಇದೂ ಅದರಂಗ ಆತಲ್ಲ ಮಾಮಾ” ಅಂದ. ಹೌದು, ಅದರಂತೆಯೇ ಆಗಿತ್ತು. ಕಣ್ಣು ನೋಡಿ ಬೆರಳು ಒತ್ತಲು ಸೆಕೆಂಡಿನ ಕಾಲುಭಾಗವಾದರೂ ಬೇಕು, ನಾನು ಕೊಟ್ಟಿದ್ದು ಅದಕ್ಕಿಂತ ತುಸುವೇ ಹೆಚ್ಚು. ಈಗ ತೊಲೆ ಬರುವ ಮುಕ್ಕಾಲು ಸೆಕೆಂಡು ಮೊದಲೇ ಎತ್ತಿನ ಕೊರಳ ಗಂಟೆ ಒಮ್ಮೆ ಜೋರಾಗಿ ಕುಲುಕುತ್ತದೆ. ಗಂಟೆ ಕೇಳಿದರೆ ಹಾರಬೇಕು. ಇದನ್ನು ಆಟದಲ್ಲಿ ಎಲ್ಲೂ ಬರೆದಿಲ್ಲ. ಹೋದ ಭಾನುವಾರ ಪಕ್ಕದ ಮನೆಯ ಹುಡುಗಿ ಮೊದಲ ಸಲ ಆಡಿದಳು. ಎರಡು ತೊಲೆಗೆ ಬಡಿದುಕೊಂಡಳು, ಮೂರನೆಯದಕ್ಕೆ ಗಂಟೆ ಕುಲುಕಿದ ಕೂಡಲೇ ಹಾರಿದಳು.